ಕಬ್ಬಿನ ಹೊಲದಂಚಿನ ಮಕ್ಕಳಿಗೂ ಅಕ್ಷರ ದಾಸೋಹ

ಶರಣರ ಕಲ್ಯಾಣವು ವಲಸೆ ಬಂದವರಿಂದಲೇ ಬೆಳಗಿದ ಪಟ್ಟಣ. ಅಲ್ಲಮಪ್ರಭುಗಳು ಬಳ್ಳಿಗಾವೆಯಿಂದ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಅಮರೇಶ್ವರದಿಂದ ಅಲ್ಲಿಗೆ ಬಂದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿ ಬಾಳಿದರೆಂದು ಶರಣ ಪರಂಪರೆ ಹೇಳುತ್ತದೆ. ದುಡಿಯಲು ಬಂದವರಿಗೆ ಕಲ್ಯಾಣವು ಅನ್ನವನ್ನಷ್ಟೇ ಅಲ್ಲ, ಅರಿವನ್ನೂ ಉಣಬಡಿಸಿತು.

ಇಂದು ಘಟಪ್ರಭೆ, ಹಿರಣ್ಯಕೇಶಿಗಳ ನೀರುಂಡ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೂ ದುಡಿಯುವವರು ಬರುತ್ತಾರೆ. ಮಳೆಗಾಲ ಮುಗಿದು ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ವಿಜಯಪುರದ ಬೆದ್ದಲು ಸೀಮೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಮುಕಾದಮನಿಂದ ಪಡೆದ ಮುಂಗಡ ತೀರಬೇಕಾದರೆ ಗಂಡ ಹೆಂಡಿರಿಬ್ಬರೂ ಕಡಿಯಬೇಕು. ಊರಿನಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳು ಅವರ ಬೆನ್ನಿಗೇ ಬರುತ್ತಾರೆ. ಜೂನ್ ತಿಂಗಳಲ್ಲಿ ತೆರೆದ ಶಾಲೆ ಅವರ ಪಾಲಿಗೆ ದೀಪಾವಳಿಯ ಹೊತ್ತಿಗೆ ಮುಚ್ಚಿಹೋಗುತ್ತದೆ. ಶಾಲೆ ಸ್ಥಾವರವಾಗಿ ನಿಂತಿದೆ. ಮಗು ಜಂಗಮವಾಗಿ ಅಲೆಯುತ್ತಿದೆ.

ಕಾಯ್ದೆಯ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಯಾವ ಮಗುವನ್ನೂ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆಯಿಂದ ಹಿಂದಿರುಗಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಪಾಠ ಹೇಳಬೇಕು. ವಲಸೆ ಮಕ್ಕಳಿಗೆಂದೇ ಟೆಂಟ್ ಶಾಲೆ, ಹಂಗಾಮಿನ ವಸತಿನಿಲಯಗಳ ಯೋಜನೆಗಳಿವೆ; ಮಹಾರಾಷ್ಟ್ರದಲ್ಲಿ ಕಾರ್ಖಾನೆಗಳ ಬಳಿ ಸಾಖರ ಶಾಲೆಗಳು ನಡೆದಿವೆ. ಆದರೆ ಯೋಜನೆ ತಾನಾಗಿ ಹೊಲದಂಚಿಗೆ ನಡೆದುಬರುವುದಿಲ್ಲ. ಅದನ್ನು ಕರೆತರುವ ಕೈಗಳು ಬೇಕು.

ನಾಲ್ಕಾರು ತಿಂಗಳಿದ್ದು ಹೋಗುವ ಮಕ್ಕಳಿಗೆ ಇಷ್ಟೇಕೆ, ಅವರ ಭಾಷೆಯೂ ಬೇರೆಯಲ್ಲವೇ ಎಂದು ಕೇಳುವವರುಂಟು. ಆ ನಾಲ್ಕಾರು ತಿಂಗಳಲ್ಲೇ ಓದು ತಪ್ಪುತ್ತದೆ; ತಪ್ಪಿದ ಮಗು ಮರುವರ್ಷ ಪುಸ್ತಕವನ್ನಲ್ಲ, ಕುಡುಗೋಲನ್ನು ಹಿಡಿಯುತ್ತದೆ. ಭಾಷೆಯಂತೂ ಗಡಿನಾಡಿಗೆ ಹೊಸದಲ್ಲ. ಮರಾಠಿ ಬಲ್ಲ ಶಿಕ್ಷಕರು ಈ ಜಿಲ್ಲೆಗೆ ಅಪರೂಪವಲ್ಲ.

ವಿದ್ಯಾದಾನ ಈ ಸೀಮೆಯ ಹಳೆಯ ವ್ರತ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗಾಗಿ ಬಿಟ್ಟುಕೊಟ್ಟರು. 1916ರಲ್ಲಿ ಏಳು ಮಂದಿ ಸೇರಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಅವರು ನೆಟ್ಟ ಮರದ ನೆರಳು ಇನ್ನೂ ಸಿಗದವರಿಗೆ ಅದನ್ನು ಮುಟ್ಟಿಸುವುದೇ ಇಂದಿನ ಕರ್ತವ್ಯ.

ಸರ್ಕಾರವು ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಶರಣರ ಮಾತನ್ನು ಹೊತ್ತ ಆ ತಟ್ಟೆ ಕಬ್ಬು ಕಡಿಯುವವರ ಮಗುವಿನ ಮುಂದೆಯೂ ಇಳಿಯಬೇಕು. ಮಠದ ಪ್ರಸಾದನಿಲಯವು ಹಂಗಾಮಿಗೆ ಎರಡು ಕೋಣೆ ಕೊಡಲಿ, ಕಾರ್ಖಾನೆಯು ಶಿಕ್ಷಕರ ಸಂಬಳ ಹೊರಲಿ, ಊರಿನ ಸರ್ಕಾರಿ ಶಾಲೆಯು ಹಾಜರಿ ಪುಸ್ತಕದಲ್ಲಿ ಆ ಹೆಸರುಗಳನ್ನು ಬರೆದುಕೊಳ್ಳಲಿ. ಸಕ್ಕರೆಯ ಸವಿಯುಣ್ಣುವ ನಾಡು ಅದನ್ನು ಕಡಿದುಕೊಟ್ಟವರ ಮಕ್ಕಳಿಗೆ ತೀರಿಸಬೇಕಾದ ಋಣವಿದು. ಋಣ ತೀರಿಸುವುದನ್ನು ದಾನವೆಂದು ಕರೆಯದಿರುವುದೇ ನಿಜವಾದ ದಾಸೋಹ.