ಕೈಯಿಂದ ಕೈಗೆ ಬಂದ ಗವಸು



ಹೋದ ತಿಂಗಳು ನನ್ನ ಮಗಳು ಶಾಲೆಯಿಂದ ಬಂದವಳೇ, "ಅಮ್ಮಾ, ಗುಂಡು ಎಸೆತಕ್ಕೆ ಹೆಸರು ಕೊಟ್ಟಿದ್ದೀನಿ" ಅಂದಳು. ಬಟ್ಟೆ ಒಗೆಯುತ್ತಿದ್ದ ನಾನು ತಿರುಗಿ ಕೂಡ ನೋಡದೆ, "ತೋಳು ದಪ್ಪ ಆಗುತ್ತೆ ಕಣೇ, ನಾಳೆ ಯಾರು ಮದುವೆ ಆಗ್ತಾರೆ?" ಅಂದುಬಿಟ್ಟೆ. ಅವಳು ಏನೂ ಹೇಳದೆ ಒಳಗೆ ಹೋದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಸಲ ಪೋಲೆಂಡ್ ದೇಶದ ಇಬ್ಬರು ಹೆಣ್ಣುಮಕ್ಕಳ ವಿಷಯ ನಿಮಗೆ ಹೇಳೋಣ ಅಂತಿದ್ದೇನೆ.

ಮೊದಲನೆಯವಳು ಕಮಿಲಾ ಸ್ಕೊಲಿಮೊವ್ಸ್ಕಾ. 1982ರಲ್ಲಿ ವಾರ್ಸಾದಲ್ಲಿ ಹುಟ್ಟಿದವಳು. ತಂದೆ ಭಾರ ಎತ್ತುವ ಪಟು, 1980ರ ಮಾಸ್ಕೋ ಒಲಿಂಪಿಕ್ಸಿಗೆ ಹೋಗಿದ್ದವರು. ಮಗಳು ಆರಿಸಿಕೊಂಡದ್ದು ಹ್ಯಾಮರ್ ಎಸೆತ.

ಹ್ಯಾಮರ್ ಅಂದರೆ ಮೊಳೆ ಹೊಡೆಯುವ ಸುತ್ತಿಗೆ ಅಂದುಕೊಳ್ಳಬೇಡಿ. ಒಂದು ಲೋಹದ ಗುಂಡು, ಅದಕ್ಕೊಂದು ತಂತಿ, ತುದಿಯಲ್ಲಿ ಹಿಡಿ. ಹೆಂಗಸರದ್ದು 4 ಕಿಲೋ, ಗಂಡಸರದ್ದು 7.26 ಕಿಲೋ. 4 ಕಿಲೋ ಅಂದರೆ ನಮಗೇನು ಲೆಕ್ಕ ಹೇಳಿ? ನಮ್ಮ ರುಬ್ಬುಗುಂಡೇ ಅದಕ್ಕಿಂತ ಭಾರ! ಆದರೆ ಏಳಡಿ ಅಗಲದ ವೃತ್ತದೊಳಗೆ ನಿಂತು, ಅದನ್ನು ಬೀಸುತ್ತಾ ತಾನೂ ಬುಗುರಿಯ ಹಾಗೆ ಮೂರು ನಾಲ್ಕು ಸುತ್ತು ತಿರುಗಿ, ಹೆಜ್ಜೆ ತಪ್ಪದೆ ಬಿಡಬೇಕು. ಹಿಡಿ ಬೆರಳನ್ನು ಕೊಯ್ಯದಿರಲಿ ಅಂತ ಒಂದು ಕೈಗೆ ದಪ್ಪ ಗವಸು ಹಾಕುತ್ತಾರೆ. ಆ ಬಲಕ್ಕಾಗಿ ಇವರು ಪವರ್‌ಲಿಫ್ಟಿಂಗ್ ಪಟುಗಳ ಹಾಗೆಯೇ ಹೆಗಲ ಮೇಲೆ ಕಬ್ಬಿಣದ ಭಾರ ಹೊತ್ತು ಕೂತು ಏಳುವ ಅಭ್ಯಾಸ ಮಾಡಬೇಕು.

ಒಲಿಂಪಿಕ್ಸಿನಲ್ಲಿ ಗಂಡಸರು 1900ರಿಂದಲೇ ಹ್ಯಾಮರ್ ಎಸೆಯುತ್ತಿದ್ದರು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು ಯಾವಾಗ ಗೊತ್ತೇ? 2000ದಲ್ಲಿ, ಸಿಡ್ನಿಯಲ್ಲಿ. ಸರಿಯಾಗಿ ನೂರು ವರ್ಷ ಕಾಯಬೇಕಾಯಿತು! ಆ ಮೊದಲ ಚಿನ್ನವನ್ನು 71.16 ಮೀಟರ್ ಎಸೆದು ಗೆದ್ದವಳೇ ಕಮಿಲಾ. ಆಗ ಅವಳಿಗಿನ್ನೂ 17 ವರ್ಷ.

ಮುಂದಿನದನ್ನು ಬರೆಯಲು ಸಂಕಟವಾಗುತ್ತದೆ. 2009ರ ಫೆಬ್ರವರಿ 18ರಂದು ಪೋರ್ಚುಗಲ್‌ನಲ್ಲಿ ತರಬೇತಿಗೆ ಹೋಗಿದ್ದಾಗ ಕಮಿಲಾ ತೀರಿಕೊಂಡಳು. ಶ್ವಾಸಕೋಶದ ರಕ್ತನಾಳಕ್ಕೆ ರಕ್ತದ ಗಡ್ಡೆ ಅಡ್ಡವಾಗಿತ್ತು. ವಯಸ್ಸು ಬರೀ 26. ಅಂಥ ಗಟ್ಟಿ ದೇಹಕ್ಕೇ ಹೀಗಾಯಿತಲ್ಲ! ಕಾರಣವಿಲ್ಲದೆ ಏಕಾಏಕಿ ಉಸಿರುಗಟ್ಟಿದರೆ, ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, "ಅಡಿಗೆ ಮುಗಿಸಿ ನೋಡೋಣ" ಅನ್ನಬೇಡಿ. ಕೂಡಲೇ ಡಾಕ್ಟರ ಬಳಿ ಹೋಗಿ.

ಎರಡನೆಯವಳು ಅನಿತಾ ವ್ಲೊದಾರ್ಚಿಕ್. ಕಮಿಲಾಗಿಂತ ಮೂರು ವರ್ಷ ಚಿಕ್ಕವಳು, ಅವಳದ್ದೂ ಅದೇ ಆಟ. ಗೆಳತಿ ಸತ್ತ ಆರೇ ತಿಂಗಳಿಗೆ ಬರ್ಲಿನ್ನಿನಲ್ಲಿ 77.96 ಮೀಟರ್ ಎಸೆದು, ವಿಶ್ವದಾಖಲೆಯೊಂದಿಗೆ ವಿಶ್ವ ಚಾಂಪಿಯನ್ ಆದಳು. ಕಮಿಲಾಳ ಕೈಗವಸು ಅನಿತಾಳ ಪಾಲಿಗೆ ಬಂತು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅದನ್ನೇ ತೊಟ್ಟು 82.29 ಮೀಟರ್ ಎಸೆದು ಚಿನ್ನ ಗೆದ್ದಳು. ಅದೇ ತಿಂಗಳ 28ರಂದು ವಾರ್ಸಾದಲ್ಲಿ, ಕಮಿಲಾಳ ನೆನಪಿಗೆ ನಡೆಯುವ ಕೂಟದಲ್ಲಿ, 82.98 ಮೀಟರ್ ಎಸೆದು ತನ್ನ ದಾಖಲೆಯನ್ನು ತಾನೇ ಮುರಿದಳು. 2012, 2016, ಮತ್ತೆ 2021ರಲ್ಲಿ ನಡೆದ ಟೋಕಿಯೋ, ಹೀಗೆ ಮೂರು ಒಲಿಂಪಿಕ್ಸಿನ ಚಿನ್ನವೂ ಅವಳದ್ದೇ.

ನಮ್ಮಲ್ಲಿ ಅಜ್ಜಿಯ ಬಳೆ ಅಮ್ಮನಿಗೆ, ಅಮ್ಮನ ಸೀರೆ ಮಗಳಿಗೆ ಬರುತ್ತದೆ. ಜೊತೆಗೆ "ಗಂಡುಬೀರಿ" ಅನ್ನುವ ಮಾತೂ ಹಾಗೇ ಬರುತ್ತದೆ. ನನ್ನಮ್ಮ ನನಗೆ ಅಂದದ್ದನ್ನೇ ನಾನು ಮಗಳಿಗೆ ಅಂದಿದ್ದೆ ನೋಡಿ. ಅಷ್ಟಕ್ಕೂ ದಿನಾ ಎರಡು ಕೊಡ ನೀರು ಸೊಂಟದ ಮೇಲೆ ಹೊತ್ತು ತರುವ ನಮ್ಮ ತೋಳನ್ನು ಯಾರಾದರೂ ದಪ್ಪ ಅಂದಿದ್ದಾರೆಯೇ?

ಮರುದಿನ ಬೆಳಿಗ್ಗೆ ನೆನೆಸಿದ ಕಡಲೆಕಾಳು ಒಂದು ಹಿಡಿ ಡಬ್ಬಿಗೆ ಹಾಕಿ, "ಅಭ್ಯಾಸ ಮುಗಿದ ಮೇಲೆ ತಿನ್ನು" ಅಂದೆ. ಮಗಳು ನನ್ನ ಮುಖ ನೋಡಿ ನಕ್ಕಳು. ಶಾಲೆಯ ಪಂದ್ಯದಲ್ಲಿ ಅವಳಿಗೆ ಬಂದದ್ದು ನಾಲ್ಕನೇ ಸ್ಥಾನ, ಬಹುಮಾನ ಇಲ್ಲ. ಮುಂದಿನ ವರ್ಷಕ್ಕೂ ಹೆಸರು ಕೊಡುತ್ತಾಳಂತೆ. ಕೊಡಲಿ.

ನಿಮ್ಮ ಮನೆಯ ಹುಡುಗಿ ಯಾವ ಆಟಕ್ಕೆ ಹೆಸರು ಕೊಟ್ಟಿದ್ದಾಳೆ? ಬರೆದು ತಿಳಿಸಿ.