ಮನೆಗಿಂತ ಮೊದಲು ನೀರು

ಮಗಳ ಕಾಲೇಜಿಗಾಗಿ ಅಕ್ಕೂರಿನ ಕುಟುಂಬವೊಂದು ಪಟ್ಟಣದಲ್ಲಿ ಮನೆ ಕೊಳ್ಳಹೊರಟಿದೆ ಎಂದಿಟ್ಟುಕೊಳ್ಳಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ: ಯಾವುದು ಲೇಸು? ಮಗಳು ರೈಲು ನೋಡುತ್ತಾಳೆ. ಅದಿರುವುದು ಮೊದಲೆರಡು ಊರುಗಳಿಗಷ್ಟೇ. ತಂದೆ ಬೆಲೆ ನೋಡುತ್ತಾರೆ. ತಾಯಿ ಕೇಳುವುದು ನೀರನ್ನು.

ತಾಯಿಯ ಪ್ರಶ್ನೆಯಲ್ಲಿ ವಿಜ್ಞಾನವಿದೆ. ಈ ಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ಅದು ಮರಳಿನಂತೆ ನೀರು ಹಿಡಿದಿಡದು; ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಹಾಗಾಗಿ ಪಕ್ಕದ ಮನೆಯ ಕೊಳವೆಬಾವಿಯಲ್ಲಿ ನೀರಿದ್ದರೂ ಕೊಂಡ ಮನೆಯದು ಬತ್ತಿರಬಹುದು. ನೀರಿದ್ದರೂ ಪರೀಕ್ಷೆ ಬೇಕು: ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಮಕ್ಕಳ ಹಲ್ಲಿಗೆ ಕೇಡು.

ಮನೆಯನ್ನು ಮಳೆಗಾಲದಲ್ಲಿ ನೋಡಿ ಮೆಚ್ಚುವುದು ಸುಲಭ. ಮುಂಗಡ ಕೊಡುವ ಮೊದಲು ಏಪ್ರಿಲ್‌ನಲ್ಲೊಮ್ಮೆ ಹೋಗಿ, ನಲ್ಲಿ ತಿರುಗಿಸಿ ನೋಡುವುದು ಜಾಣತನ.