ಸೂಲಗಿತ್ತಿಯೋ, ಡಾಕ್ಟರೋ?

ಹರಿಹರದ ಸೋದರಿಯೊಬ್ಬರು ಬರೆದಿದ್ದಾರೆ. ಮಗಳದು ಚೊಚ್ಚಲು, ಏಳು ತುಂಬಿ ಎಂಟಕ್ಕೆ ಬಿದ್ದಿದೆ, ತವರಿಗೆ ಬಂದಿದ್ದಾಳೆ. "ನಮ್ಮವ್ವ ನಾಲ್ಕೂ ಮಕ್ಕಳನ್ನು ಮನೇಲೇ ಹೆತ್ತಳು. ಸೂಲಗಿತ್ತಿ ಅಜ್ಜಿ ದಿನಾ ಬಂದು ಎರೆದು ಹೋಗ್ತಿದ್ಲು. ಈಗ ದಾವಣಗೆರೆಗೆ ಕರಕೊಂಡು ಹೋದ್ರೆ ಹೊಟ್ಟೆ ಕೊಯ್ದೇ ಕಳಿಸ್ತಾರೆ ಅಂತ ಓಣಿಯವರು ಹೆದರಿಸ್ತಾರೆ. ಏನ್ ಮಾಡ್ಲಿ ಅಕ್ಕಾ?"

ಓಣಿಯವರ ಮಾತು ಪೂರಾ ಸುಳ್ಳಲ್ಲ ತಾಯಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 23. ಇಷ್ಟೊಂದು ಜನಕ್ಕೆ ಕತ್ತರಿ ಬೇಕೇ ಎಂದು ನನಗೂ ಅನ್ನಿಸುತ್ತದೆ.

ಹಾಗಂತ ಮನೆಯಲ್ಲೇ ಆಗಲಿ ಅನ್ನಲಾರೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಹೊಳೆಯಾಚೆ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮ ಹೆತ್ತಳು. ಮಗು ಸಲೀಸಾಗಿ ಬಂತು, ಮಾಸು ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಒಳ್ಳೆಯವಳೇ, ಅನುಭವಸ್ಥೆ. ಆದರೆ ಅವಳ ಕೈಯಲ್ಲಿ ಇಂಜೆಕ್ಷನ್ ಇರಲಿಲ್ಲ. ಗಾಡಿ ಹರಿಹರದ ಸೇತುವೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಈಗ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಕೂಡಲೇ ರಕ್ತಸ್ರಾವ ತಡೆಯುವ ಚುಚ್ಚುಮದ್ದು ಕೊಡುತ್ತಾರೆ. ಆ ಒಂದು ಸೂಜಿ ಎಷ್ಟು ತಾಯಂದಿರನ್ನು ಉಳಿಸಿದೆಯೋ!

ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಸಾವಿರಾರು ಹೆರಿಗೆ ಮಾಡಿಸಿದ ಆ ಕೈಗೆ ನಮಸ್ಕಾರ. ಆದರೆ ಹೊರದೇಶಗಳಲ್ಲಿ ಮಿಡ್‌ವೈಫ್ ಅನ್ನುವವರೇ ಬೇರೆ. ಅವರು ವರ್ಷಗಟ್ಟಲೆ ಓದಿ ತರಬೇತಿ ಪಡೆದವರು. ತೊಂದರೆ ಕಂಡರೆ ಡಾಕ್ಟರಿಗೆ ಒಪ್ಪಿಸುತ್ತಾರೆ. ಹದಿನೆಂಟು ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಮೊದಲಿಂದ ಕೊನೆತನಕ ಅಂಥವರೇ ನೋಡಿಕೊಂಡ ಹೆಂಗಸರಲ್ಲಿ ಸಿಸೇರಿಯನ್ ಕಡಿಮೆ, ಇಕ್ಕಳ ಹಾಕುವುದೂ ಕಡಿಮೆ. ಗುಟ್ಟೇನು? ಪರಿಚಯದ ಮುಖ, ಪಕ್ಕದಲ್ಲೇ ಕೂತ ಜೀವ, ಅವಸರವಿಲ್ಲ. ನಮ್ಮ ಕೇಂದ್ರ ಸರ್ಕಾರವೂ 2018ರಲ್ಲಿ ನರ್ಸುಗಳಿಗೆ ಒಂದೂವರೆ ವರ್ಷದ ಇಂಥ ತರಬೇತಿಗೆ ಮಾರ್ಗಸೂಚಿ ತಂದಿತು.

ಆದ್ದರಿಂದ ನಿಮ್ಮ ಮಗಳಿಗೆ ಆಸ್ಪತ್ರೆಯೂ ಬೇಕು, ಪಕ್ಕದಲ್ಲಿ ಕೂರುವವರೂ ಬೇಕು. ಈಗಲೇ ಹೋಗಿ ಕೇಳಿ: ಹೆರಿಗೆ ಕೋಣೆಯಲ್ಲಿ ಮನೆಯ ಒಬ್ಬ ಹೆಂಗಸು ಇರಬಹುದೇ? ನೋವು ತಿನ್ನುವಾಗ ಓಡಾಡಲು ಬಿಡುತ್ತೀರಾ? ರಾತ್ರಿ ಡಾಕ್ಟರು ಇರುತ್ತಾರಾ? ಸಂಕೋಚ ಬೇಡ, ಸೀರೆ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವವರು ನಾವು! ಆಪರೇಷನ್ ಅಂದರೆ ಕಾರಣ ಕೇಳಿ. ಚೊಚ್ಚಲು ಹನ್ನೆರಡು ಗಂಟೆ ಮೀರುವುದೂ ಉಂಟು, ತಡವಾಯಿತೆಂದು ಮನೆಯವರೇ "ಕೊಯ್ದುಬಿಡಿ" ಅನ್ನಬೇಡಿ. ಆದರೆ ಮಗುವಿನ ಎದೆಬಡಿತ ತಗ್ಗಿದೆ ಅಂದರೆ ವಾದ ಬೇಡ, ಸಹಿ ಹಾಕಿ.

ಬಿ.ಪಿ. ಏರಿದ್ದರೆ, ರಕ್ತ ತೀರ ಕಡಿಮೆಯಿದ್ದರೆ, ಮಗು ಅಡ್ಡ ತಿರುಗಿದ್ದರೆ ಮೊದಲಿಂದಲೇ ದೊಡ್ಡ ಆಸ್ಪತ್ರೆ. ವಿಪರೀತ ತಲೆನೋವು, ಕಣ್ಣು ಮಂಜು, ರಕ್ತ ಕಂಡರೆ ಬೆಳಗಾಗಲಿ ಅನ್ನದೆ 108ಕ್ಕೆ ಫೋನ್ ಮಾಡಿ. ದಾವಣಗೆರೆ ನಿಮಗೆ ಹದಿನಾಲ್ಕು ಕಿಲೋಮೀಟರ್ ಅಷ್ಟೆ. ತಾಯಿ ಕಾರ್ಡು, ಹಳೇ ಮೆತ್ತನೆ ಬಟ್ಟೆ ಒಂದು ಚೀಲದಲ್ಲಿ ಈಗಲೇ ಕಟ್ಟಿಡಿ.

ಹೆರಿಗೆಯಾದ ಮೇಲೆ ಒಂದು ಕಾಗದ ಹಾಕಿ. ಅಂಟಿನುಂಡೆ ಮಾಡುವ ವಿಧಾನ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ, ಬಾಣಂತಿಗೆ ಹೊತ್ತಿಗೆ ಸರಿಯಾಗಿ ಒದಗೀತು.